ಅಣ್ಣಯ್ಯ ಶೆಟ್ಟರು ಹಾರಿಸಿದ ಪುಟಗಳು

ಅಣ್ಣಯ್ಯ ಶೆಟ್ಟರು ಕೂತಲ್ಲಿ ಕೂರುವ ಜನವಲ್ಲ. ಬ್ರಹ್ಮಾವರದ ಪೇಟೆಯಿಂದ ಒಂದು ಮೈಲಿ ಒಳಗೆ, ಬೈಲಿನ ಅಂಚಿಗಿದ್ದ ಆ ಮನೆಯಲ್ಲಿ ಅವರು ಒಂದು ಲೋಟ ಕಾಫಿಯನ್ನು ಪೂರ್ತಿ ಕೂತು ಕುಡಿದದ್ದನ್ನು ಕಂಡವರಿಲ್ಲ. ಅರ್ಧ ಕಾಫಿ ಜಗಲಿಯಲ್ಲಿ, ಉಳಿದರ್ಧ ಹಟ್ಟಿಯ ಬಾಗಿಲಲ್ಲಿ. ಲೋಟ ಎಲ್ಲಿ ಹೋಯಿತೆಂದು ತಂಗಿ ಚಂದ್ರಮತಿ ದಿನಾ ಹುಡುಕಬೇಕು. ಇಂಥ ಮನುಷ್ಯನನ್ನು ವರ್ಷಕ್ಕೊಂದು ತಿಂಗಳು ಹಿಡಿದು ಕೂರಿಸುತ್ತಿದ್ದದ್ದು ಭಾರತ ಒಂದೇ.

ಆ ಮನೆಯಲ್ಲಿ ಅದೊಂದು ಕ್ರಮ. ನಾಟಿ ಮುಗಿದು ಸೋಣೆ ತಿಂಗಳು, ಅಂದರೆ ಸಿಂಹಮಾಸ, ಹುಟ್ಟಿತೆಂದರೆ, ದೀಪ ಹಚ್ಚುವ ಹೊತ್ತಿಗೆ ಮನೆಯ ಯಜಮಾನ ಜಗಲಿಯಲ್ಲಿ ಕೂತು ಮಕ್ಕಳಿಗೆ ಭಾರತ ಓದಬೇಕು. ಕೇಳುವವರು ನಡುನಡುವೆ ‘ಹ್ಞೂಂ’ ಹಾಕುತ್ತಿರಬೇಕು. ಹ್ಞೂಂ ನಿಂತರೆ ಓದೂ ನಿಲ್ಲಬೇಕು. ತಿಂಗಳು ಮುಗಿಯುವುದರೊಳಗೆ ಕಥೆ ಮುಗಿಯಬೇಕು. ಅಣ್ಣಯ್ಯ ಶೆಟ್ಟರಿಗೆ ಅವರ ಮಾವ ಹಾಗೆ ಓದಿದರು, ಮಾವನಿಗೆ ಅವರ ಮಾವ. ತಂದೆ ಓದಿದ್ದಿಲ್ಲ. ಯಾಕೆಂದರೆ ಅದು ಅಳಿಯಕಟ್ಟಿನ ಮನೆ. ಅಲ್ಲಿ ಮನೆಯ ಮಕ್ಕಳು ಅಂದರೆ ಆ ಮನೆಯ ಹೆಣ್ಣುಗಳು ಹೆತ್ತ ಮಕ್ಕಳು. ಗದ್ದೆ, ಮನೆ, ದೈವದ ಕೋಣೆ, ಭಾರತ ಎಲ್ಲವೂ ಮಾವನಿಂದ ತಂಗಿಯ ಮಕ್ಕಳಿಗೆ. ಶೆಟ್ಟರ ಸ್ವಂತ ಮಗ ಉಮಾನಾಥ ಹದಿಮೂರು ವರ್ಷದವನು. ತಾಯಿ ಕುಸುಮಾವತಿಯ ಜೊತೆ ತಲ್ಲೂರಿನಲ್ಲಿ, ಆಕೆಯ ಮನೆಯಲ್ಲಿದ್ದ. ಶೆಟ್ಟರು ಶನಿವಾರ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದರು, ಸೋಮವಾರ ಬೆಳಿಗ್ಗೆ ವಾಪಸು ಬರುತ್ತಿದ್ದರು.

ಅರವತ್ತೆರಡನೇ ಇಸವಿಯ ಸೋಣೆಯಲ್ಲಿ ಮಕ್ಕಳು ದಂಗೆ ಎದ್ದರು. ಮಾವನ ಕಾಲದ ಪದ್ಯದ ಪುಸ್ತಕ ತೆಗೆದು ಶೆಟ್ಟರು ರಾಗ ಎಳೆದು ಇನ್ನೂ ಎರಡು ಪುಟ ಆಗಿರಲಿಲ್ಲ, ಚಂದ್ರಮತಿಯ ಮಗ ಗೋಪಿ ನಿದ್ದೆಹೋಗಿದ್ದ. ಅವನ ಅಕ್ಕ, ಹನ್ನೆರಡು ವರ್ಷದ ಸ್ನೇಹಲತಾ, ಶಾಲೆಯಲ್ಲಿ ಕನ್ನಡಕ್ಕೆ ಮೊದಲಿನವಳು. ಅವಳೇ ಕೈಕಟ್ಟಿ ಕೂತು ಹೇಳಿದಳು.

“ಮಾವಯ್ಯ, ಇದ್ ನಂಗೇ ಅರ್ಥ ಆತಿಲ್ಲೆ. ಗೋಪಿಗೆ ಎಂತ ಆಪುದ್? ಕಥಿ ಹಾಂಗೆ ಬರ್ದ ಪುಸ್ತಕ ತನಿ.”

“ಅರ್ಥ ಆಪುಕಾ ಇದ್ ಓದುದ್? ನಾವೆಲ್ಲ ಹಿಂಗೇ ಕೇಂಡದ್ದ್.”

“ನಿಮ್ಗ್ ಅರ್ಥ ಆಯ್ತಾ?”

ಶೆಟ್ಟರು ಎದ್ದು ಕೊಟ್ಟಿಗೆಯ ಕಡೆ ನಡೆದರು. ಅರ್ಥವಾಗಿರಲಿಲ್ಲ ಎಂಬುದೇ ನಿಜ.

ಮರುದಿನವೇ ಕುಂದಾಪುರಕ್ಕೆ ಹೋಗಿ ಪಾಂಡುವಿನ ಪುಸ್ತಕದಂಗಡಿಯಿಂದ ಒಂದು ದಪ್ಪ ಗದ್ಯದ ಭಾರತ ತಂದರು. ಮೊದಲ ನಾಲ್ಕು ಸಂಜೆ ಎಲ್ಲ ಸಸೂತ್ರ. ಚಂದ್ರಮತಿಯ ಮೂವರು, ಅವಳ ತಂಗಿಯ ಇಬ್ಬರು, ಐದೂ ಮಕ್ಕಳು ಹ್ಞೂಂ ಹಾಕಿದ್ದೇ ಹಾಕಿದ್ದು. ಐದನೆಯ ಸಂಜೆ ಕಥೆಯೊಳಗೆ ಆ ಮಾವ ಬಂದ. ದಾಳ ಹಿಡಿದವನು. ಅವನ ಹೆಸರನ್ನು ದೀಪದೆದುರು ಹೇಳಬಾರದೆಂದು ಚಂದ್ರಮತಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು, ಹಾಗಾಗಿ ಶೆಟ್ಟರು ‘ಅವನು’ ಎಂದೇ ಓದಿದರು.

“ಅವ್ನ್ ನೂರ್ ಜನಕ್ಕೆ ಎಂತ ಆತ?” ಎಂದ ಗೋಪಿ.

“ಅವ್ರ ತಾಯಿ ಅಣ್ಣ. ಸ್ವಾದರ ಮಾವ.”

“ನಮ್ಗೆ ನೀವ್ ಆದಂಗೆ?”

“ಹೌದ್, ನಾನ್ ಆದಂಗೆ.”

“ಅವ್ನೂ ತಂಗಿ ಮನೆಗೇ ಇಪ್ಪುದಾ? ಅಲ್ಲೇ ಉಂಬುದಾ?”

ಪುಸ್ತಕ ಬರೆದ ಪುಣ್ಯಾತ್ಮನಿಗೆ ಆ ಮಾವನ ಮೇಲೆ ಅದೆಂಥ ಸಿಟ್ಟಿತ್ತೋ. ಅವನ ಕಣ್ಣು, ಅವನ ನಗು, ಅವನು ಕುಂಟುವ ರೀತಿ ಎಲ್ಲವನ್ನೂ ಪುಟಗಟ್ಟಲೆ ಬೈದಿದ್ದ. ಮಕ್ಕಳಿಗೆ ಭಾರೀ ಖುಷಿ. ಬೆಳಿಗ್ಗೆ ಶೆಟ್ಟರು ಹಲ್ಲುಜ್ಜಲು ಬಾವಿಕಟ್ಟೆಗೆ ಬಂದರೆ ಗೋಪಿ ಅಂಗಳದಲ್ಲಿ ಕುಂಟುತ್ತ, “ಪಗಡಿ ಮಾವ ಬಂದ್ರ್, ಪಗಡಿ ಮಾವ ಬಂದ್ರ್” ಎಂದು ಕೂಗುತ್ತಿದ್ದ. ಉಳಿದವರು ಬಿದ್ದು ಬಿದ್ದು ನಕ್ಕರು. ಶೆಟ್ಟರೂ ನಕ್ಕರು. ಆದರೆ ಆ ನಗು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು, ಗಂಜಿ ಉಂಡರೂ ಇಳಿಯಲಿಲ್ಲ.

ಕಾರಣ ಶೆಟ್ಟರ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಐವತ್ತಾರರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ, ಅಳಿಯಕಟ್ಟಿನ ಮನೆಯ ಗಂಡಸೂ ತನ್ನ ಭಾಗವನ್ನು ತನಗೆ ಬೇಕಾದವರಿಗೆ ಉಯಿಲು ಬರೆಯಬಹುದಿತ್ತು. ಆರು ವರ್ಷ ಶೆಟ್ಟರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಶನಿವಾರ ಕುಸುಮಾವತಿ ಅನ್ನ ಬಡಿಸುತ್ತ, “ನಿಮ್ಮ ಕಾಲ ಕಳ್ದ್ ಮೇಲೆ, ಇದ್ ನನ್ನಪ್ಪಯ್ಯಂದ್ ಅಂಬುಕೆ ಉಮಾನಾಥಂಗೆ ಎಂತ ಇತ್ತ್?” ಎಂದಳು. ಒಂದೇ ಸಲ, ಮತ್ತೆ ಆ ಮಾತೆತ್ತಲಿಲ್ಲ. ಯುಗಾದಿಯ ಮುಂಚೆ ಶೆಟ್ಟರು ಕುಂದಾಪುರದ ವಕೀಲರೊಬ್ಬರ ಹತ್ತಿರ ಹೋಗಿ ತನ್ನ ಭಾಗ ಮಗನಿಗೆ ಎಂದು ಬರೆಸಿಬಂದರು. ಒಕ್ಕಲಿನ ಬಚ್ಚ ಸಾಕ್ಷಿ ಹಾಕಿದ. ಕಾನೂನಿನಲ್ಲಿ ತಪ್ಪಿಲ್ಲ, ನ್ಯಾಯದಲ್ಲೂ ದೊಡ್ಡ ತಪ್ಪೇನಿಲ್ಲ. ತಪ್ಪು ಒಂದೇ, ಚಂದ್ರಮತಿಗೆ ಹೇಳಿರಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಐದು ತಿಂಗಳಾಗಿತ್ತು. ಅಷ್ಟೂ ದಿನ ಅವಳು ಬಡಿಸಿದ್ದನ್ನು ಉಂಡು, ಅವಳ ಮುಖ ನೋಡದೆ ಕೈ ತೊಳೆದು ಏಳುತ್ತಿದ್ದರು. ಚಂದ್ರಮತಿಯ ಗಂಡ ಬೊಂಬಾಯಿಯಲ್ಲಿ ಹೋಟೆಲಿಗೆ ಸೇರಿದವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಆ ಮಕ್ಕಳಿಗೆ ಮಾವನೇ ಗತಿ. ಅದು ಶೆಟ್ಟರಿಗೆ ಗೊತ್ತಿದ್ದೇ ಕಾಗದ ಪೆಟ್ಟಿಗೆಯಲ್ಲಿತ್ತು.

ಹಾಗಾಗಿ ‘ಪಗಡಿ ಮಾವ’ ಎಂಬುದು ಮಕ್ಕಳಾಟಿಕೆಯಾಗಿ ಕೇಳಲಿಲ್ಲ.

“ಈ ಪುಸ್ತಕದ ಅಕ್ಷರ ಸಣ್ಣದ್. ಬೇರೆ ತತ್ತೆ” ಎಂದರು. ಅಕ್ಷರ ಕಡಲೆಕಾಳಿನಷ್ಟು ದಪ್ಪವಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಶೆಟ್ಟರ ತಿರುಗಾಟ. ಮಾವ ಒಳ್ಳೆಯವನಾಗಿರುವ ಒಂದು ಭಾರತ ಬೇಕಿತ್ತು ಅವರಿಗೆ. ಹಾಗೆಂದು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಪಾಂಡುವಿನ ಅಂಗಡಿಯಲ್ಲಿ ನಿಂತು ಒಂದೊಂದೇ ಪುಸ್ತಕ ಬಿಡಿಸಿ, ನೇರ ಜೂಜಿನ ಪುಟ ಹುಡುಕಿ, ಎರಡು ಸಾಲು ಓದಿ ಮುಚ್ಚುವುದು. ಒಂದರಲ್ಲಿ ‘ಪಾಪಿ’, ಇನ್ನೊಂದರಲ್ಲಿ ‘ನೀಚ’, ಮತ್ತೊಂದರಲ್ಲಿ ಚಿತ್ರ ಬೇರೆ, ಮೂಗು ಗಿಣಿಯ ಕೊಕ್ಕಿನಂತೆ. ಪಾಂಡು ಸ್ವಲ್ಪ ಹೊತ್ತು ನೋಡಿದ.

“ಶೆಟ್ರೆ, ಎಲ್ಲರೂ ಮದ್ಲ್ ಪುಟ ಕಾಂತ್ರ್. ನೀವ್ ಎಂತಕೆ ನಡು ಪುಟ ಕಾಂಬುದ್?”

“ಹೊಲ್ಗಿ ಗಟ್ಟಿ ಇತ್ತಾ ಕಂಡೆ ಮಾರಾಯಾ” ಎಂದು ಶೆಟ್ಟರು ರಸ್ತೆಗಿಳಿದರು.

ಬೈಂದೂರಿನಲ್ಲಿ ಚಂದಯ್ಯ ಎಂಬ ನಿವೃತ್ತ ಮಾಸ್ಟ್ರು ಇದ್ದರು. ತಾವು ಅಲ್ಲಿ ಇಲ್ಲಿ ಕೇಳಿದ ಕಥೆಗಳನ್ನು ಸೇರಿಸಿ ನೋಟ್ ಪುಸ್ತಕದಲ್ಲಿ ಇಡೀ ಭಾರತ ಬರೆದಿಟ್ಟಿದ್ದಾರೆಂದು ಯಾರೋ ಬಸ್ಸಿನಲ್ಲಿ ಹೇಳಿದರು. ಶೆಟ್ಟರು ಮನೆಗೂ ಹೋಗದೆ ಅದೇ ದಿನ ಅಲ್ಲಿಗೆ ಹೊರಟರು. ಮಾಸ್ಟ್ರು ಮಜ್ಜಿಗೆ ಕೊಟ್ಟು, ಕನ್ನಡಕ ಏರಿಸಿ, ತಮ್ಮ ಬರಹದ ಹೆಮ್ಮೆಯಲ್ಲಿ ಹೇಳಿದರು.

“ನನ್ನ ಭಾರತದಲ್ಲ್ ಆ ಮಾವನಿಗೂ ನ್ಯಾಯ ಇತ್ತ್ ಮರ್ರೆ. ಅವ್ನ ಅಪ್ಪಯ್ಯನ್ನ, ಅಣ್ಣ ತಮ್ಮಂದಿರನ್ನ ಆ ನೂರು ಜನದ ಅಪ್ಪಯ್ಯನೇ ಸೆರೆ ಹಾಕಿ, ಅನ್ನ ಕೊಡ್ದೆ ಕೊಂದದ್ದ್. ಅಪ್ಪನ ಎಲುಬಲ್ಲೇ ಅವ್ನ್ ದಾಳ ಮಾಡ್ಕಂಡದ್ದ್.”

ಶೆಟ್ಟರಿಗೆ ಹೋದ ಜೀವ ಬಂದಂತಾಯಿತು. ಮಾವನಿಗೂ ಒಂದು ಕಾರಣ ಇದೆ! ನೋಟ್ ಪುಸ್ತಕವನ್ನು ಎರವಲು ಪಡೆದು, ವಾಪಸು ಬರುವ ಬಸ್ಸಿನಲ್ಲೇ ಬಿಡಿಸಿದರು. ತಲ್ಲೂರು ದಾಟುವವರೆಗೆ ಬಾಯಲ್ಲಿ ಸಣ್ಣ ನಗುವಿತ್ತು. ಆಮೇಲಿನ ಪುಟದಲ್ಲಿ ಆ ಮಾವ ತಂಗಿಯ ಮನೆಗೆ ಬಂದ. ಅವಳ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವರ ತಟ್ಟೆಯಲ್ಲೇ ಉಂಡ. ಅವರಿಗೆ ಬೇಕಾದ ಕಥೆ ಹೇಳಿದ. ಇಷ್ಟೆಲ್ಲ ಮಾಡುತ್ತ ಸೊಂಟದಲ್ಲಿ ದಾಳ ಇಟ್ಟುಕೊಂಡೇ ಇದ್ದ, ಯಾರಿಗೂ ಹೇಳದೆ, ವರ್ಷಗಟ್ಟಲೆ.

ಶೆಟ್ಟರು ಪಟ್ಟನೆ ಪುಸ್ತಕ ಮುಚ್ಚಿದರು. ಪಕ್ಕದವನು ಬೆಚ್ಚಿಬಿದ್ದ. ಬ್ರಹ್ಮಾವರದಲ್ಲಿ ಇಳಿಯುವುದು ಮರೆತು ಮುಂದಿನ ಸ್ಟಾಪಿನವರೆಗೆ ಹೋಗಿ, ನಡೆದು ಹಿಂದೆ ಬಂದರು. ಕಾರಣ ಇದ್ದ ಮಾವ ಕಾರಣ ಇಲ್ಲದವನಿಗಿಂತ ಕೆಟ್ಟವನಾಗಿ ಕಂಡ. ಮನೆಗೆ ಬಂದವರೇ ಪೆಟ್ಟಿಗೆಯ ಬೀಗ ಎಳೆದು ನೋಡಿದರು. ಆ ವಾರ ಅವರು ಆ ಬೀಗವನ್ನು ಎಷ್ಟು ಸಲ ಎಳೆದು ನೋಡಿದ್ದರೆಂದರೆ, ಚಂದ್ರಮತಿ, “ಅದ್ರೊಳ್ಗೆ ಎಂತ ಮರಿ ಸಾಕಿದ್ಯಾ ಅಣ್ಣ?” ಎಂದು ಕೇಳಿದ್ದಳು.

ಕಡೆಗೆ ಊರಿನ ಶಾಲೆಯ ಕಪಾಟಿನಿಂದ ಮಕ್ಕಳ ಭಾರತವೊಂದನ್ನು ತಂದರು. ನೂರಿಪ್ಪತ್ತು ಪುಟ. ಜೂಜಿನ ಕಥೆ ಇದ್ದದ್ದು ಬರೀ ಎಂಟು ಪುಟ. ಎಂಟನ್ನು ಹಾರಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಅಂದು ಸಂಜೆ ಐವರು ಅರಮನೆ ಕಟ್ಟಿ, ಗೃಹಪ್ರವೇಶ ಮಾಡಿ, ಮರುಕ್ಷಣವೇ ಕಾಡಿಗೆ ಹೊರಟುಬಿಟ್ಟರು.

“ಕಾಡಿಗೆ ಎಂತಕೆ ಹೋದ್ರ್?” ಎಂದಳು ಸ್ನೇಹಲತಾ.

“ಹೋದ್ರ್. ಹೋಪುಕೆ ಇತ್ತ್, ಹೋದ್ರ್.”

“ಹೊಸ ಮನಿ ಬಿಟ್ಕಂಡಾ?”

“ನೀ ಹ್ಞೂಂ ಹಾಕ್ತ್ಯಾ, ನಾನ್ ನಿಲ್ಸ್ಕಾ?”

ಸ್ನೇಹಲತಾ ಹ್ಞೂಂ ಹಾಕಿದಳು. ಆದರೆ ಅವಳ ಕಣ್ಣು ಮಾವನ ಹೆಬ್ಬೆರಳ ಮೇಲಿತ್ತು, ಎಂಟು ಪುಟಗಳನ್ನು ಒಟ್ಟಿಗೆ ಒತ್ತಿಹಿಡಿದಿದ್ದ ಹೆಬ್ಬೆರಳ ಮೇಲೆ.

ಮುಂದಿನ ಒಂದು ವಾರ ಶೆಟ್ಟರು ಗೆದ್ದೆನೆಂದೇ ತಿಳಿದರು. ಯಾಕೆಂದರೆ ಕಥೆಯಲ್ಲಿ ಇನ್ನೊಬ್ಬ ಮಾವ ಬಂದ, ಕೊಳಲು ಊದುವವನು. ಐವರು ಕಾಡಿಗೆ ಹೋದಾಗ ಅವನ ತಂಗಿ ಎಳೆಯ ಮಗನನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದಳು. ಅಣ್ಣ ಆ ಮಗುವನ್ನು ಸಾಕಿದ, ಬಿಲ್ಲು ಕಲಿಸಿದ, ದೊಡ್ಡವನನ್ನಾಗಿ ಮಾಡಿದ.

“ನಮ್ಮಂಗೇ! ಅಳಿಯಕಟ್ಟ್!” ಎಂದು ಗೋಪಿ ಎದ್ದು ಕುಣಿದ.

ಶೆಟ್ಟರ ಎದೆ ಉಬ್ಬಿತು. ಇಷ್ಟು ದಿನ ಊರೂರು ಅಲೆದು ಹುಡುಕಿದ ಮಾವ ಕೊನೆಗೂ ಸಿಕ್ಕಿದ್ದ. ಆ ಪುಟಗಳನ್ನು ಎರಡೆರಡು ಸಲ ಓದಿದರು. ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿದರು. ಆ ಮಾವ ಅಳಿಯನಿಗೆ ಈಜು ಕಲಿಸಿದ, ಗಂಗೊಳ್ಳಿಯ ಬಂದರಿಗೆ ಕರೆದುಕೊಂಡು ಹೋಗಿ ದೋಣಿ ತೋರಿಸಿದ ಎಂದೆಲ್ಲ ಕಥೆ ಬೆಳೆಯಿತು. ಗೋಪಿ ‘ಪಗಡಿ ಮಾವ’ ಬಿಟ್ಟು ‘ಕೊಳ್ಲಿನ ಮಾವ’ ಎಂದು ಕರೆಯಲು ಶುರುಮಾಡಿದ. ಆ ದಿನಗಳಲ್ಲಿ ಶೆಟ್ಟರು ಒಂದೆರಡು ಸಲ ಪೂರ್ತಿ ಕಾಫಿಯನ್ನು ಕೂತೇ ಕುಡಿದರಂತೆ.

ಯುದ್ಧದ ಭಾಗ ಬಂತು. ಅಳಿಯ ಚಕ್ರವ್ಯೂಹದ ಎದುರು ನಿಂತ. ಒಳಗೆ ಹೋಗುವುದು ಅವನಿಗೆ ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ಯಾಕೆ ಗೊತ್ತಿಲ್ಲವೆಂದು ಪುಸ್ತಕ ಹೇಳುತ್ತಿತ್ತು. ಅವನು ತಾಯಿಯ ಹೊಟ್ಟೆಯಲ್ಲಿದ್ದಾಗ ಆ ಮಾವ ತಂಗಿಗೆ ವ್ಯೂಹದ ಕಥೆ ಹೇಳುತ್ತಿದ್ದನಂತೆ. ತಂಗಿ ನಿದ್ದೆಹೋದಳು. ಆದರೂ ಹ್ಞೂಂ ಬರುತ್ತಲೇ ಇತ್ತು, ಹೊಟ್ಟೆಯೊಳಗಿನ ಮಗುವಿನದು. ಅದು ಮಾವನಿಗೆ ತಿಳಿಯಿತು. ತಿಳಿದದ್ದೇ ಅವನು ಕಥೆಯನ್ನು ಅಲ್ಲಿಗೇ ನಿಲ್ಲಿಸಿದ.

ಒಳಗೆ ಹೋದ ಹುಡುಗ ಹೊರಗೆ ಬರಲಿಲ್ಲ.

ಚಿಕ್ಕವರ ಮೂಗು ಸೊರಸೊರ ಎನ್ನುತ್ತಿತ್ತು. ಸ್ನೇಹಲತಾ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು.

“ಆ ಮಾವ ಅರ್ಧಕ್ಕೆ ಎಂತಕೆ ನಿಲ್ಸಿದ್ದ್?”

“ತಂಗಿಗೆ ನಿದ್ದಿ ಬಂದಿತ್ತಲ್ದಾ ಮಗಾ.”

“ಮಗು ಹ್ಞೂಂ ಹಾಕ್ತಿತ್ತಲ್ದಾ? ಕೇಂಬವ್ರ್ ಇದ್ದಾಗ ನಿಲ್ಸುದಾ? ನಮ್ಮನಿಯಲ್ಲ್ ಹಾಂಗ್ ಇಲ್ಲೆ.”

“ಅದ್... ದೇವ್ರ್ ಲೀಲೆ ಅಂಬ್ರ್.”

“ಎಂತ ಲೀಲೆ! ಇವ್ನಿಗಿಂತ ಪಗಡಿ ಮಾವನೇ ಅಡ್ಡಿಲ್ಲೆ. ಅವ್ನ್ ಎಲ್ಲರ ಎದ್ರಿಗೆ ಕೂಕಂಡ್ ಆಡ್ದ.” ಸ್ನೇಹಲತಾ ಹೇಳಿಯೇಬಿಟ್ಟಳು. “ನೀವ್ ಹಾರ್ಸಿದ ಪುಟ ನಾನ್ ಓದಿದೆ ಮಾವಯ್ಯ. ಎಂಟೂ ಓದಿದೆ. ನೀವ್ ಎಂತಕೆ ಓದ್ಲಿಲ್ಲೆ ಅಂತ ಎಷ್ಟ್ ಯೋಚ್ನೆ ಮಾಡ್ರೂ ಗೊತ್ತಾಯ್ಲಿಲ್ಲೆ.”

ಶೆಟ್ಟರು ಪುಸ್ತಕ ಕೆಳಗಿಟ್ಟರು. ಎದ್ದರು. ಅಂಗಳಕ್ಕಿಳಿದು ಬಾವಿಕಟ್ಟೆಯವರೆಗೆ ಹೋದರು, ಅಲ್ಲಿಂದ ಹುಲ್ಲಿನ ಕುತ್ತರಿಯವರೆಗೆ, ಅಲ್ಲಿಂದ ಮತ್ತೆ ಬಾವಿಕಟ್ಟೆಗೆ. ಕಾಲು ಅವರ ಮಾತು ಕೇಳುತ್ತಿರಲಿಲ್ಲ. ಹಾರಿಸಿದ್ದು ಯಾಕೆ ಎಂದು ಆ ಹುಡುಗಿಗೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ತಾನು ಸತ್ತ ಮೇಲೆ ಯಾರೋ ಪೆಟ್ಟಿಗೆ ತೆಗೆಯುತ್ತಾರೆ, ಕಾಗದ ಓದುತ್ತಾರೆ. ಆಗ ಅವಳು ಈ ಸಂಜೆಗಳನ್ನೆಲ್ಲ ನೆನೆಸಿಕೊಳ್ಳುತ್ತಾಳೆ. ಹ್ಞೂಂ ಹಾಕಿದ್ದನ್ನು ನೆನೆಸಿಕೊಳ್ಳುತ್ತಾಳೆ. ಮಾವ ಅರ್ಧ ಹೇಳಿ ಹೋದ ಅನ್ನುತ್ತಾಳೆ. ಶೆಟ್ಟರಿಗೆ ನಾಚಿಕೆಯಾಯಿತು. ನಲವತ್ತೆಂಟು ವರ್ಷದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಸುತ್ತಿ ಸುತ್ತಿ ಅಡುಗೆಮನೆಯ ಹಿಂಬಾಗಿಲಿಗೆ ಬಂದರು. ಚಂದ್ರಮತಿ ಒಲೆಯ ಮುಂದೆ ಕೂತು ಮೀನು ಸಾರಿಗೆ ಹುಳಿ ಕಿವುಚುತ್ತಿದ್ದಳು. ಹೊಸ್ತಿಲ ಮೇಲೆ ಬೆಳಿಗ್ಗೆ ಅವಳು ಸೋಣೆಯ ಹೊಸ್ತಿಲ ಪೂಜೆಗೆ ಇಟ್ಟ ಹೂವು ಬಾಡಿ ಬಿದ್ದಿತ್ತು. ಶೆಟ್ಟರು ಆ ಹೂವು ತುಳಿಯದ ಹಾಗೆ ಆಚೆಗೇ, ನೆಲದ ಮೇಲೆ ಕೂತರು.

“ಚಂದ್ರಮತಿ, ನನ್ನ ಪೆಟ್ಗಿ ಒಳ್ಗೆ ಒಂದ್ ಕಾಗ್ದ ಇತ್ತ್.”

“ಹ್ಞೂಂ” ಎಂದಳು ಅವಳು, ಹಿಂತಿರುಗದೆ.

“ವಕೀಲ್ರ ಹತ್ರ ಬರ್ಸದ್ದ್.”

“ಹ್ಞೂಂ.”

“ನನ್ನ ಭಾಗ ಉಮಾನಾಥಂಗೆ ಅಂತ. ನಾನ್ ಸತ್ತ್ ಮೇಲೆ. ಮನಿಗೆ, ನಿಮ್ಮ ಭಾಗಕ್ಕೆ ಎಂತದೂ ತೊಂದ್ರಿ ಇಲ್ಲೆ. ಆದ್ರೂ...”

“ಹ್ಞೂಂ. ಮುಂದೆ?”

“ನಿಂಗೆ ಹೇಳ್ಕಿತ್ತ್. ಹೇಳ್ಲಿಲ್ಲೆ. ಹೆದ್ರಿಕಿ ಆಯ್ತ್. ಅಷ್ಟೇ.”

“ಮುಗೀತಾ?”

“ಮುಗೀತ್.”

ಚಂದ್ರಮತಿ ಹುಳಿಯ ಕೈಯನ್ನು ಪಾತ್ರೆಯ ಅಂಚಿಗೆ ಒರೆಸಿ ಈಗ ತಿರುಗಿದಳು. “ಯುಗಾದಿ ಕಳ್ದ್ ಎಂಟೇ ದಿನಕ್ಕೆ ನಂಗೆ ಗೊತ್ತಾಯಿತ್. ಬಚ್ಚನ ಹೆಂಡ್ತಿ ಹೇಳ್ದಳ್.”

“ಮತ್ತೆ ನೀನ್ ಒಂದ್ ಮಾತ್ ಕೇಣ್ಲಿಲ್ಲೆ?”

“ನಾನ್ ಎಂತಕೆ ಕೇಣ್ಕ್? ಹೇಳುದ್ ನಿನ್ನ ಕೆಲ್ಸ ಅಣ್ಣ. ಹ್ಞೂಂ ಹಾಕುದ್ ನನ್ನ ಕೆಲ್ಸ. ಐದ್ ತಿಂಗ್ಳಾಯ್ತ್, ನಾನ್ ಹ್ಞೂಂ ಹಾಕುಕೇ ಕೂಕಂಡಿದೆ. ಬೇಜಾರ್ ಆಯ್ಲಿಲ್ಲೆ ಅಂದ್ರ್ ಸುಳ್ಳಾತ್ತ್. ಆಯ್ತ್. ಆದ್ರೆ ಭಾಗ ಕೊಟ್ಟದ್ದಕ್ಕಲ್ಲ. ಅವ್ನೂ ನಿನ್ನ ಮಗನೇ, ಅವ್ನಿಗೂ ಅಪ್ಪಯ್ಯ ಬೇಕಲ್ದಾ? ನನ್ನ ಕೈಯಲ್ಲ್ ಉಂಡ್ಕಂಡ್ ನನ್ನ ಮುಖ ಕಾಣ್ದೆ ಎದ್ದ್ ಹೋತಿದ್ಯಲ್ದಾ, ಅದಕ್ಕ್ ಬೇಜಾರ್. ಒಂದೊಂದಿನ ಅನ್ಸುದ್, ಇವ ನನ್ನ ಅಣ್ಣನಾ, ನೆಂಟನಾ ಅಂತ.”

ಶೆಟ್ಟರು ಅತ್ತರು. ಗಂಡಸು, ಯಜಮಾನ, ಮಕ್ಕಳು ನೋಡಿಯಾರು ಎಂದೆಲ್ಲ ಆಗ ಅವರಿಗೆ ಹೊಳೆಯಲಿಲ್ಲ. ಚಂದ್ರಮತಿ ಅಳಲು ಬಿಟ್ಟಳು. ಸಾರು ಕುದಿಯಿತು, ಇಳಿಸಿದಳು.

“ನಾಳೆ ತಲ್ಲೂರಿಗೆ ಹೋಯಿ ಉಮಾನಾಥನ್ನ ಕರ್ಕಂಡ್ ಬಾ” ಎಂದಳು ಕಡೆಗೆ. “ಅವ್ನೂ ಕೇಣ್ಲಿ. ಮತ್ತೆ ಆ ಎಂಟ್ ಪುಟ ಓದ್. ಸ್ನೇಹಲತಾ ನನ್ನ ಜೀವ ತಿಂತಿತ್ತ್, ಮಾವಯ್ಯ ಎಂತಕೆ ಹಾರ್ಸಿದ್ರ್ ಅಂತ. ನಾನ್ ಎಂತ ಹೇಳ್ಕ್ ಅದಕ್ಕೆ?”

ಮರುದಿನ ಸಂಜೆ ಜಗಲಿಯಲ್ಲಿ ಐದರ ಬದಲು ಆರು ಮಕ್ಕಳು. ಉಮಾನಾಥ ನೀಟಾಗಿ ತಲೆ ಬಾಚಿಕೊಂಡು, ಚಾಪೆಯ ತುದಿಗೆ ಸಂಕೋಚದಲ್ಲಿ ಕೂತಿದ್ದ. ಗೋಪಿ ಅವನ ತೋಳು ಹಿಡಿದೆಳೆದು ನಡುವೆ ಕೂರಿಸಿ, ಹ್ಞೂಂ ಯಾವಾಗ ಹಾಕಬೇಕೆಂದು ಹೇಳಿಕೊಟ್ಟ. ಒಳಬಾಗಿಲಿನ ಹಿಂದೆ ಚಂದ್ರಮತಿ ದೀಪದ ಬತ್ತಿ ಹೊಸೆಯುತ್ತ ಕೂತಿದ್ದಳು. ಶೆಟ್ಟರು ಯುದ್ಧದವರೆಗೆ ಬಂದ ಕಥೆಯನ್ನು ಹಿಂದಕ್ಕೆ ತಿರುಗಿಸಿ, ಜೂಜಿನ ಪುಟ ತೆಗೆದು ಓದತೊಡಗಿದರು. ಅರಮನೆಯಿಂದ ಕರೆ ಬಂತು. ಐವರು ಬಂದರು. ಪಗಡೆಯ ಹಾಸು ಹಾಸಿದರು. ಶೆಟ್ಟರು ಕಾಲು ಮಡಚಿ ಕೂತವರು ಕೂತೇ ಇದ್ದರು, ಒಮ್ಮೆಯೂ ಏಳಲಿಲ್ಲ.

ಆ ಮಾವ ಸೊಂಟದಿಂದ ದಾಳ ತೆಗೆಯುವ ಸಾಲು ಬಂದಾಗ ಮಾತ್ರ ಅವರ ದನಿ ತಾನಾಗಿ ಇಳಿಯಿತು. ಮಕ್ಕಳು ಕತ್ತು ಮುಂದೆ ಚಾಚಿದರು.

ಬಾಗಿಲ ಹಿಂದಿನಿಂದ ಚಂದ್ರಮತಿ ಕೂಗಿದಳು: “ದೊಡ್ಡಕೆ ಓದ್ ಅಣ್ಣ. ನಂಗೆ ಕೇಂತಿಲ್ಲೆ.”